‘ಸೂಪರ್ ಅಣ್ಣ’ ಎಂದರೆ ಸಾಲದು: ದುರ್ಗದ ಹವ್ಯಾಸಿ ಭಾವಚಿತ್ರಗಳೂ ಅವುಗಳ ವಿಮರ್ಶೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಊರುಗಳಲ್ಲಿ ಕ್ಯಾಮೆರಾ ಹಿಡಿದ ಹವ್ಯಾಸಿಗಳಿಗೆ ಈಗ ಬರವಿಲ್ಲ. ಶಾಲೆಯ ಮೇಷ್ಟ್ರು, ಬ್ಯಾಂಕಿನ ನೌಕರ, ಅಡಿಕೆ ತೋಟ ನೋಡಿಕೊಳ್ಳುವ ಹುಡುಗ, ನರ್ಸಿಂಗ್ ಓದುತ್ತಿರುವ ಹುಡುಗಿ, ಎಲ್ಲರೂ ತೆಗೆಯುತ್ತಾರೆ. ತೆಗೆದದ್ದರಲ್ಲಿ ಹೆಚ್ಚಿನ ಪಾಲು ಮುಖಗಳೇ. ಮನೆಯ ಮಗು, ಜಾತ್ರೆಗೆ ಬಂದ ಅಜ್ಜ, ಕೋಟೆ ಬಾಗಿಲಲ್ಲಿ ನಿಂತ ಗೆಳೆಯ. ಬರ ಇರುವುದು ಆ ಚಿತ್ರವನ್ನು ನಿಧಾನವಾಗಿ ನೋಡಿ ನಿಜ ಹೇಳುವವರಿಗೆ. “ಹೇಗೈತಣ್ಣ?” ಎಂದು ಮೊಬೈಲು ಮುಂದೆ ಹಿಡಿದರೆ ಬರುವ ಉತ್ತರ ಒಂದೇ: “ಸೂಪರ್.” ಹತ್ತು ವರ್ಷ ‘ಸೂಪರ್’ ಕೇಳಿಸಿಕೊಂಡವರ ಹತ್ತನೇ ವರ್ಷದ ಚಿತ್ರ ಮೊದಲ ವರ್ಷದ ಚಿತ್ರದಂತೆಯೇ ಇರುತ್ತದೆ, ಬದಲಾಗಿರುವುದು ಕ್ಯಾಮೆರಾ ಮಾತ್ರ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಇವರಲ್ಲಿ ಅನೇಕರಿಗೆ ಒಳ್ಳೆಯ ಕಣ್ಣಿದೆ, ಜನರನ್ನು ಮಾತಾಡಿಸುವ ಗುಣವಿದೆ. ಸಿಗದೇ ಹೋದದ್ದು ಕಾರಣ ಕೊಟ್ಟು ತಪ್ಪು ತೋರಿಸುವ ಒಬ್ಬ ನೋಡುಗ.

ಹಾಗೆಂದು ನಮ್ಮಲ್ಲಿ ಭಾವಚಿತ್ರದ ವಿಮರ್ಶೆ ಇರಲೇ ಇಲ್ಲ ಎನ್ನುವಂತಿಲ್ಲ. ಅದು ಸ್ಟುಡಿಯೊಗಳ ಕೌಂಟರಿನ ಮುಂದೆ ಬಹಳ ಕಾಲದಿಂದ ನಡೆದುಬಂದಿದೆ. ರೀಲಿನ ಕಾಲದಲ್ಲಿ ಫೋಟೊ ತೊಳೆಸಿ ಕೈಗೆ ಬಂದ ತಕ್ಷಣ ಗಿರಾಕಿ ಹೇಳುತ್ತಿದ್ದ ಮೊದಲ ಮಾತು, “ಕಪ್ಪಗೆ ಬಂದೈತಲ್ಲ ಸಾರ್.” ಈ ಒಂದು ಮಾತು ನಮ್ಮ ಇಡೀ ಸ್ಟುಡಿಯೊ ಪರಂಪರೆಯನ್ನು ತಿದ್ದಿತು, ಅಷ್ಟೇ ಪ್ರಮಾಣದಲ್ಲಿ ಕೆಡಿಸಿತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಟಚಿಂಗ್ ಮಾಡಿ ಕಣ್ಣ ಕೆಳಗಿನ ಕಪ್ಪು, ಮೊಡವೆಯ ಕಲೆ, ಕೊನೆಗೆ ವಯಸ್ಸನ್ನೂ ಅಳಿಸುವ ನುರಿತ ಕೈಗಳು ಊರೂರಿನಲ್ಲಿದ್ದವು. ಇಂದು ಅದೇ ಕೆಲಸವನ್ನು ಮೊಬೈಲಿನ ಬ್ಯೂಟಿ ಫಿಲ್ಟರ್ ಯಾರ ಅಪ್ಪಣೆಗೂ ಕಾಯದೆ ಮಾಡಿಮುಗಿಸುತ್ತದೆ.

ಗಿರಾಕಿಯ ದೂರಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿದ್ದವು. ಒಂದು, ಬಿಳುಪೇ ಚೆಲುವು ಎಂಬ ಸಮಾಜದ ರೋಗ. ಇನ್ನೊಂದು, ನಿಜವಾದ ತಾಂತ್ರಿಕ ದೋಷ. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದು ಎಂದೇ ಎಣಿಸಿ ಬೆಳಕು ಅಳೆಯುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಕಪ್ಪು ಮೈಬಣ್ಣದ ರೈತ ಸುಣ್ಣ ಬಳಿದ ಗೋಡೆಯ ಮುಂದೆ ನಿಂತರೆ, ಅಷ್ಟೂ ಬಿಳುಪನ್ನು ಬೂದು ಮಾಡಹೊರಟ ಮೀಟರು ಮುಖವನ್ನು ಕತ್ತಲೆಗೆ ತಳ್ಳುತ್ತದೆ. ಆಗ ಬೇಕಾದದ್ದು ಒಂದು ಸ್ಟಾಪ್ ಹೆಚ್ಚು ಬೆಳಕು, ಅಥವಾ ಮುಖದ ಮೇಲೇ ಮೀಟರ್ ಓದಿಕೊಳ್ಳುವ ತಾಳ್ಮೆ. ಮುಖವನ್ನು ಬಿಳಿ ಮಾಡುವುದು ಬೇರೆ, ಕಪ್ಪು ಮುಖದಲ್ಲಿರುವ ಹೊಳಪು, ಗೆರೆ, ಉಬ್ಬುತಗ್ಗುಗಳನ್ನು ಕಾಣಿಸುವುದು ಬೇರೆ. ವಿಮರ್ಶಕ ಎನಿಸಿಕೊಂಡವನು ಮೊದಲು ಈ ಎರಡನ್ನು ಬಿಡಿಸಿ ಹೇಳಬೇಕು. ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಕೊಡಾಕ್ ಕಂಪನಿ ಬಣ್ಣದ ಪ್ರಿಂಟಿನ ಹದ ನೋಡಲು 1950ರ ದಶಕದಿಂದ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಬೇರೆ ಬೇರೆ ಮೈಬಣ್ಣದ ಮುಖಗಳಿರುವ ಕಾರ್ಡು ಬರಲು 1990ರ ದಶಕ ಬೇಕಾಯಿತು. ಗೂಗಲ್ ತನ್ನ ಫೋನಿನ ಕ್ಯಾಮೆರಾದಲ್ಲಿ ಕಪ್ಪು ಮೈಬಣ್ಣ ಸರಿಯಾಗಿ ಮೂಡುವಂತೆ ‘ರಿಯಲ್ ಟೋನ್’ ಎಂಬ ತಿದ್ದುಪಡಿ ತಂದದ್ದು 2021ರಲ್ಲಿ. ಅಂದಮೇಲೆ ಹೊಳಲ್ಕೆರೆಯ ಹುಡುಗ ತೆಗೆದ ತನ್ನಜ್ಜಿಯ ಚಿತ್ರ ಕಪ್ಪುಗಟ್ಟಿದ್ದರೆ ತಪ್ಪು ಅವನೊಬ್ಬನದಲ್ಲ. ತಿದ್ದಿಕೊಳ್ಳುವುದು ಮಾತ್ರ ಅವನ ಕೈಯಲ್ಲೇ ಇದೆ, ಹೇಗೆಂದು ಯಾರಾದರೂ ಹೇಳಿಕೊಟ್ಟರೆ.

ಸ್ಟುಡಿಯೊದಲ್ಲಿ ನಡೆಯುವ ಇನ್ನೊಂದು ಬಗೆಯ ವಿಮರ್ಶೆ ಇದಕ್ಕಿಂತ ದೊಡ್ಡದು. ಅದರ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಗೋಡೆಗೆ ತೂಗುಹಾಕಲು ಒಂದು ಫೋಟೊ ಬೇಕು. ಇದ್ದ ಒಂದೇ ಚಿತ್ರ ವೋಟರ್ ಕಾರ್ಡಿನದೋ, ಮದುವೆಯ ಗುಂಪು ಫೋಟೊದ ಮೂಲೆಯದೋ ಆಗಿರುತ್ತದೆ. ಸ್ಟುಡಿಯೊದವರು ಅದನ್ನು ಕತ್ತರಿಸಿ, ಹಿಗ್ಗಿಸಿ, ಮಸುಕು ತೆಗೆದು, ಹೆಗಲಿಗೊಂದು ಶಾಲು ಹೊದಿಸಿ ಕೊಡುತ್ತಾರೆ. ಮನೆಯವರು ಬಂದು ನೋಡುತ್ತಾರೆ. ಚಿತ್ರ ಚೊಕ್ಕಟವಾಗಿರುತ್ತದೆ. ಮಗಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾಳೆ: “ಇದು ನಮ್ಮಪ್ಪನ ಥರ ಇಲ್ಲಣ್ಣ. ನಮ್ಮಪ್ಪಂಗೆ ಎಡಗಣ್ಣು ಚೂರು ಚಿಕ್ಕದಿತ್ತು. ನೀವು ಎರಡೂ ಸಮ ಮಾಡೀರಿ.” ಭಾವಚಿತ್ರದ ವಿಮರ್ಶೆಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಆಕೆ ‘ಚೆನ್ನಾಗಿಲ್ಲ’ ಎನ್ನಲಿಲ್ಲ, ತೆಗೆದವರನ್ನು ಹಳಿಯಲಿಲ್ಲ. ಚಿತ್ರದ ಒಂದು ಜಾಗವನ್ನು ಬೆರಳಿಟ್ಟು ತೋರಿಸಿದಳು, ಕಾರಣ ಕೊಟ್ಟಳು, ಏನು ಮಾಡಬೇಕೆಂಬುದೂ ಆ ಮಾತಿನಲ್ಲೇ ಇತ್ತು. ಪುಸ್ತಕ ಓದಿ ಬಂದ ತಿಳಿವಳಿಕೆ ಅದಲ್ಲ, ಒಂದು ಮುಖವನ್ನು ಬಾಳಿನುದ್ದಕ್ಕೂ ನೋಡಿದ್ದರಿಂದ ಬಂದದ್ದು. ಒಳ್ಳೆಯ ಟೀಕೆಗೆ ಬೇಕಾದ ಮೂರು ಗುಣಗಳು ಅಷ್ಟರಲ್ಲೇ ಇವೆ: ಇಬ್ಬರ ಕಣ್ಣಿಗೂ ಕಾಣುವಂಥದ್ದನ್ನು ತೋರಿಸುವುದು, ಕಾರಣ ಹೇಳುವುದು, ಮುಂದೆ ಮಾಡಬಹುದಾದ ಕೆಲಸಕ್ಕೆ ದಾರಿ ಬಿಡುವುದು.

ಕ್ಲಬ್ಬುಗಳ ಮಾತಿಗೆ ಬರೋಣ. ಭಾರತದ ಹವ್ಯಾಸಿ ಛಾಯಾಗ್ರಹಣದ ಸಂಘಟನೆಗೆ ಕರ್ನಾಟಕ ಕೊಟ್ಟದ್ದು ದೊಡ್ಡದು. ಭಾರತೀಯ ಛಾಯಾಗ್ರಹಣ ಒಕ್ಕೂಟ 1953ರಲ್ಲಿ ಹುಟ್ಟಿದ್ದರ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ದುಡಿಮೆ ಇತ್ತು. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಇಂಥ ಕಡೆ ಹಿರಿಯರು ಕಿರಿಯರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಮಾತಾಡುವ ಪದ್ಧತಿ ಬೆಳೆಯಿತು. ಆದರೆ ದುರ್ಗದ ಹವ್ಯಾಸಿಗೆ ಬೆಂಗಳೂರು ಸುಮಾರು 200 ಕಿ.ಮೀ. ದೂರ. ಅವನ ಕೈಗೆಟುಕುವುದು ಕ್ಲಬ್ಬಿನ ಮಾತುಕತೆಯಲ್ಲ, ಸ್ಪರ್ಧೆಯ ಪ್ರವೇಶ ಪತ್ರ. ಶುಲ್ಕ ಕಟ್ಟಿ ನಾಲ್ಕು ಚಿತ್ರ ಕಳಿಸುತ್ತಾನೆ. ತೀರ್ಪುಗಾರರ ಮುಂದೆ ಸಾವಿರಾರು ಚಿತ್ರಗಳು ಓಡುತ್ತವೆ, ಒಂದೊಂದಕ್ಕೆ ಕೆಲವು ಕ್ಷಣ ಸಿಗುತ್ತದೆ, ಅಂಕ ಬೀಳುತ್ತದೆ. ಇವನಿಗೆ ಬರುವುದು ‘ಆಯ್ಕೆಯಾಗಿದೆ’ ಅಥವಾ ‘ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲು. ಏಕೆ ಆಗಲಿಲ್ಲ ಎಂಬುದನ್ನು ಅವನು ಗೆದ್ದ ಚಿತ್ರಗಳನ್ನು ನೋಡಿ ತಾನೇ ಊಹಿಸಿಕೊಳ್ಳಬೇಕು. ಊಹೆ ಸಾಮಾನ್ಯವಾಗಿ ಹೀಗಾಗುತ್ತದೆ: ಗೆದ್ದದ್ದು ಸುಕ್ಕುಗಟ್ಟಿದ ಮುದುಕನ ಕಪ್ಪುಬಿಳುಪು ಮುಖ, ಆದ್ದರಿಂದ ನಾನೂ ಒಬ್ಬ ಮುದುಕನನ್ನು ಹುಡುಕಬೇಕು. ಸ್ಪರ್ಧೆಗಳು ಬೇಡ ಎನ್ನುತ್ತಿಲ್ಲ. ಬಹುಮಾನ ಬಂದರೆ ಸಂತೋಷಪಡೋಣ, ಅದನ್ನು ಪಾಠವೆಂದು ತಿಳಿಯುವುದು ಬೇಡ.

ಕನ್ನಡದಲ್ಲಿ ಇದಕ್ಕೆ ಬೇರೆ ದಾರಿ ತೋರಿಸಿದ ಕೆಲಸವೊಂದಿದೆ, ಅದನ್ನು ನೆನೆಯಲೇಬೇಕು. ‘ಪ್ರಜಾವಾಣಿ’ಯ ಮೆಟ್ರೊ ಪುರವಣಿಯಲ್ಲಿ ಕೆ.ಎಸ್. ರಾಜಾರಾಮ್ ಅವರು ಹವ್ಯಾಸಿಯೊಬ್ಬರ ಒಂದು ಚಿತ್ರವನ್ನು ತೆಗೆದುಕೊಂಡು, ಬಳಸಿದ ಕ್ಯಾಮೆರಾ, ಲೆನ್ಸು, ಅಪರ್ಚರು, ಶಟರ್ ವೇಗ, ಐಎಸ್ಒ ಎಲ್ಲವನ್ನೂ ಮೊದಲು ಬರೆದು, ಆಮೇಲೆ ತಾಂತ್ರಿಕವಾಗಿ ಹೇಗಿದೆ, ಕಲಾತ್ಮಕವಾಗಿ ಹೇಗಿದೆ ಎಂದು ಬಿಡಿಸಿ ಹೇಳುತ್ತಿದ್ದರು. ಒಂದು ಚಿತ್ರ, ಒಬ್ಬ ನೋಡುಗ, ಕಾರಣ ಸಹಿತ ಮಾತು. ಆ ಚಿತ್ರ ತೆಗೆದವರಷ್ಟೇ ಅಲ್ಲ, ಪೇಪರು ಓದಿದವರೆಲ್ಲ ಅದರಿಂದ ಕಲಿಯಬಹುದಿತ್ತು. ನಮ್ಮ ಜಿಲ್ಲೆಯ ಪತ್ರಿಕೆಗಳು ವಾರಕ್ಕೊಮ್ಮೆ ಅಷ್ಟು ಜಾಗ ಬಿಟ್ಟುಕೊಟ್ಟರೆ ಅದಕ್ಕೆ ಬೇಕಾದ ಚಿತ್ರಗಳಿಗೂ ಬರೆಯುವವರಿಗೂ ಇಲ್ಲಿ ಕೊರತೆಯಾಗದು.

ಕನ್ನಡದ ಭಾವಚಿತ್ರಕಾರರ ಕೆಲಸವನ್ನು ಎದುರಿಗಿಟ್ಟುಕೊಂಡು ನೋಡುವುದೂ ವಿಮರ್ಶೆಯ ತರಬೇತಿಯೇ. ಸಾಹಿತಿಗಳ ಮುಖಗಳನ್ನು ಹಿಡಿದಿಟ್ಟ ಕೆ.ಜಿ. ಸೋಮಶೇಖರ್, ‘ಮುಖಮುದ್ರೆ’ ಪುಸ್ತಕದ ಎ.ಎನ್. ಮುಕುಲ್, ಮೈಸೂರಿನ ಟಿ.ಎಸ್. ಸತ್ಯನ್. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಸತ್ಯನ್ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಬಡತನವನ್ನು ತೋರಿಸಲೆಂದು ನಿಲ್ಲಿಸಿದವರಿಲ್ಲ. ಆಟವಾಡುವವರು, ಕೆಲಸ ಮಾಡುವವರು, ನಗುವವರು ಇದ್ದಾರೆ.

ಅಲ್ಲಿಂದ ನಮ್ಮ ತಾಂಡಾಗಳಿಗೆ ಬರಬೇಕು. ಹೊಳಲ್ಕೆರೆ, ಹೊಸದುರ್ಗ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ತೋಳು ತುಂಬ ಬಿಳಿ ಬಳೆ, ಕನ್ನಡಿ ಚೂರು ಹೊಲಿದ ಕುಪ್ಪಸ ತೊಡುವವರು ಈಗ ಹೆಚ್ಚಾಗಿ ವಯಸ್ಸಾದ ಹೆಂಗಸರು. ಹವ್ಯಾಸಿಗಳ ಮೆಚ್ಚಿನ ವಸ್ತು ಅವರೇ. ನಾನು ನೋಡಿದ ಇಂಥ ಚಿತ್ರಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಹತ್ತಿರದಿಂದ ತುಂಬಿಸಿದ ಮುಖ, ಕ್ಲಾರಿಟಿ ಸ್ಲೈಡರನ್ನು ಕೊನೆಯವರೆಗೆ ಎಳೆದು ಕೊರೆದಂತೆ ಮಾಡಿದ ಸುಕ್ಕುಗಳು, ಎಲ್ಲೂ ನೋಡದ ಕಣ್ಣು. ಬೆಳಕು ಚೆನ್ನಾಗಿದೆ, ಫೋಕಸ್ ಸರಿಯಾಗಿದೆ ಎಂದು ಹೇಳಿ ಮುಗಿಸಿಬಿಟ್ಟರೆ ಅದು ಪ್ರಾಮಾಣಿಕ ವಿಮರ್ಶೆಯಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಆಕೆಯ ಹೆಸರೇನು? ಫೋಟೊ ತೆಗೀಲಾ ಅಂತ ಕೇಳಿದ್ರಾ? ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಉಡುಪನ್ನು ನಿಮಗಾಗಿ ಉಡಿಸಿದಿರಾ? ಕೊಡುತ್ತೇನೆಂದ ಪ್ರಿಂಟು ಕೊಟ್ಟಿರಾ? ಈ ಪ್ರಶ್ನೆಗಳ ಉತ್ತರ ಚಿತ್ರದಲ್ಲಿ ಕಾಣದು ಎನ್ನುವವರಿದ್ದಾರೆ. ಬಹಳ ಸಲ ಕಾಣುತ್ತದೆ. ಮಾತಾಡಿಸಿ ತೆಗೆದ ಮುಖದಲ್ಲಿ ಎದುರಿಗೆ ಒಬ್ಬ ಮನುಷ್ಯನಿದ್ದಾನೆಂಬ ಅರಿವು ಇರುತ್ತದೆ. ದೂರದಿಂದ ಜೂಮ್ ಹಾಕಿ ಕದ್ದ ಮುಖದಲ್ಲಿ ಅದು ಇರುವುದಿಲ್ಲ.

ಚಿತ್ರದಲ್ಲಿರುವವರ ಮಾತನ್ನು ವಿಮರ್ಶೆಯಿಂದ ಹೊರಗಿಟ್ಟರೆ ಏನಾಗುತ್ತದೆಂಬುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಭಾವಚಿತ್ರಗಳಲ್ಲೊಂದು ಸಾಕ್ಷಿ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ‘ಮೈಗ್ರಂಟ್ ಮದರ್’ ಚಿತ್ರವನ್ನು ವಿಮರ್ಶಕರು ದಶಕಗಳ ಕಾಲ ಕೊಂಡಾಡಿದರು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. 1978ರಲ್ಲಿ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಹೆಣ್ಣುಮಗಳು ಅದು ನಾನೇ ಎಂದು ಮುಂದೆ ಬಂದಾಗ, ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತಾಡಿದಳು. ಅದರಿಂದ ತನಗೆ ಚಿಕ್ಕಾಸೂ ಬರಲಿಲ್ಲವೆಂದಳು. ಲ್ಯಾಂಗ್ ಕೆಟ್ಟ ಛಾಯಾಗ್ರಾಹಕಿ ಎಂದು ಇದರಿಂದ ಸಾಬೀತಾಗುವುದಿಲ್ಲ. ಆಕೆ ನಿಪೊಮೊದಲ್ಲಿ ತೆಗೆದ ಚಿತ್ರಗಳು ಸರ್ಕಾರದ ಕಣ್ಣು ತೆರೆಸಿ, ಅಲ್ಲಿನ ವಲಸೆ ಕೂಲಿಗಳ ಬಿಡಾರಕ್ಕೆ ಆಹಾರ ತಲುಪಲು ಕಾರಣವಾದವು. ಆದರೂ ಚಿತ್ರದಲ್ಲಿರುವವರೇ ಅದರ ಮೊದಲ ವಿಮರ್ಶಕರು, ಅವರ ಮಾತು ಕೊನೆಗಲ್ಲ, ಮೊದಲಿಗೇ ಕೇಳಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಬೆಳಕು, ಹಿನ್ನೆಲೆಗಳ ವಿಚಾರ. ಇಲ್ಲಿ ನಮ್ಮ ಸೀಮೆಗೇ ಸೇರಿದ ತಪ್ಪುಗಳಿವೆ, ಪರವೂರಿನ ಪುಸ್ತಕ ಅವನ್ನು ಹೇಳಿಕೊಡುವುದಿಲ್ಲ. ಮಳೆ ಕಡಿಮೆ, ಮರ ಕಡಿಮೆ, ಬಂಡೆ ಹೆಚ್ಚು. ಹೊತ್ತೇರಿದರೆ ಬಿಸಿಲು ನೆತ್ತಿಯಿಂದ ಬಿದ್ದು ಕಣ್ಣುಗುಳಿಗಳು ಕಪ್ಪಾಗುತ್ತವೆ. ಕೋಟೆಗೆ ಮಧ್ಯಾಹ್ನ ಹೋಗಿ ಬಯಲು ಬಂಡೆಯ ಮೇಲೆ ಗೆಳೆಯನನ್ನು ನಿಲ್ಲಿಸುವವರು ಅವನನ್ನು ಹತ್ತು ಹೆಜ್ಜೆ ಹಿಂದಕ್ಕೆ, ಹೆಬ್ಬಾಗಿಲ ಕಮಾನಿನ ಒಳಗೆ ನಿಲ್ಲಿಸಿದರೆ ಸಾಕು. ಮೇಲಿನ ಬಿಸಿಲು ಮರೆಯಾಗುತ್ತದೆ, ಎದುರಿನ ಕಲ್ಲುಗೋಡೆಗೆ ಬಡಿದು ಬಂದ ಮೆದು ಬೆಳಕು ಮುಖಕ್ಕೆ ಬೀಳುತ್ತದೆ, ಕಣ್ಣೊಳಗೆ ಒಂದು ಹೊಳಪಿನ ಚುಕ್ಕೆ ಕೂರುತ್ತದೆ. ಆ ಏಳು ಸುತ್ತಿನ ಕೋಟೆಯಷ್ಟು ದೊಡ್ಡ ಸ್ಟುಡಿಯೊ ಬೇರೆ ಯಾವ ಜಿಲ್ಲೆಯವರಿಗಿದೆ?

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಹಿರಿಯೂರಿಗೆ ಹರಿದುಬಂದ ಜನ ಕಡಿಮೆಯಲ್ಲ. ಎಂಬತ್ತೊಂಬತ್ತು ವರ್ಷ ಕಾದ ನೀರು ಅದು. ಎಲ್ಲರೂ ಅದಕ್ಕೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡರು. ಆ ಚಿತ್ರಗಳಲ್ಲಿ ಬಹಳಷ್ಟರಲ್ಲಿ ಹಿಂದಿನ ನೀರು ಸುಟ್ಟ ಬಿಳುಪಾಗಿದೆ, ಇಲ್ಲವೇ ಮುಂದಿನ ಮುಖ ಕಪ್ಪಾಗಿದೆ. ನೀರಿಗೆ ಬೆನ್ನು ಮಾಡದೆ ಓರೆಯಾಗಿ ನಿಂತು, ಅದನ್ನು ನೋಡುತ್ತಿರುವ ಮುಖವನ್ನೇ ತೆಗೆದಿದ್ದರೆ ಬೆಳಕೂ ಸರಿಹೋಗುತ್ತಿತ್ತು, ಆ ದಿನದ ಬೆರಗೂ ಉಳಿಯುತ್ತಿತ್ತು. ಹೊಸದುರ್ಗದ ಕಡೆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು. ತೆಗೆಯುವಾಗ ಕಾಣದ ರೆಕ್ಕೆ ಆಮೇಲೆ ತಲೆಯಿಂದ ಚಿಗುರಿದಂತೆ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಗಿಯಿತು. ಮೊಬೈಲಿನವರಿಗೆ ಹೇಳಬೇಕಾದದ್ದು ಇನ್ನೂ ಸರಳ: ಮುಖದ ಹತ್ತಿರಕ್ಕೆ ಫೋನು ಒಯ್ದರೆ ಮೂಗು ದಪ್ಪಗಾಗಿ ಕಿವಿ ಹಿಂದಕ್ಕೆ ಹೋಗುತ್ತದೆ, ನಾಲ್ಕು ಹೆಜ್ಜೆ ಹಿಂದೆ ಬಂದು 2ಎಕ್ಸ್ ಒತ್ತಿ. ಪೋರ್ಟ್ರೇಟ್ ಮೋಡ್ ಕೂದಲಿನ ಅಂಚನ್ನೂ ಸೆರಗಿನ ಅಂಚನ್ನೂ ತಿಂದುಹಾಕಿದೆಯೇ ಎಂದು ದೊಡ್ಡದು ಮಾಡಿ ನೋಡಿಕೊಳ್ಳಿ.

ಕೋಟೆ, ಚಂದ್ರವಳ್ಳಿಗಳಲ್ಲಿ ಈಚೆಗೆ ಹೆಚ್ಚಿರುವ ಪ್ರೀ-ವೆಡ್ಡಿಂಗ್ ಚಿತ್ರೀಕರಣದ ಪ್ರಭಾವವೂ ಹವ್ಯಾಸಿಗಳ ಮೇಲೆ ಬಿದ್ದಿದೆ. ಸಿನಿಮಾದ ಭಂಗಿ, ಕಿತ್ತಳೆ-ನೀಲಿ ಬಣ್ಣ, ದೂರಕ್ಕೆ ನೋಡುವ ನೋಟ. ಮದುವೆಯ ಹುಡುಗ ಹುಡುಗಿಗೆ ಅದು ಇಷ್ಟವಾದರೆ ಆಗಲಿ. ಅಪ್ಪನ ಚಿತ್ರಕ್ಕೂ ಅದೇ ಬಣ್ಣ ಬಳಿಯುವುದೇಕೆ?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ, ರಂಗಶಾಲೆಯಿದೆ, ‘ಶಿವಸಂಚಾರ’ದ ನಾಟಕಗಳು ಅಲ್ಲಿಂದ ನಾಡೆಲ್ಲ ತಿರುಗುತ್ತವೆ. ನಾಟಕೋತ್ಸವದ ದಿನಗಳಲ್ಲಿ ಕ್ಯಾಮೆರಾ ಹಿಡಿದು ಬರುವ ಹವ್ಯಾಸಿಗಳು ನಟರ ಮುಖ ತೆಗೆಯುತ್ತಾರೆ. ಕೆಂಪು ಎಲ್ಇಡಿ ಬೆಳಕಿನಲ್ಲಿ ತೆಗೆದ ಮುಖದಲ್ಲಿ ವಿವರವೆಲ್ಲ ಕರಗಿಹೋಗುತ್ತದೆ. ಬೆಳಕು ಬದಲಾಗುವವರೆಗೆ ಕಾಯಬೇಕು, ಇಲ್ಲವೇ ಕ್ಯಾಮೆರಾದೊಳಗೆ ಬರುವ ಬೆಳಕನ್ನು ಒಂದೆರಡು ಸ್ಟಾಪ್ ಕಡಿಮೆ ಮಾಡಿಕೊಳ್ಳಬೇಕು. ಆದರೆ ರಂಗಭೂಮಿಯಿಂದ ನಾವು ಕಲಿಯಬೇಕಾದದ್ದು ಇದಕ್ಕಿಂತ ಮುಖ್ಯವಾದದ್ದು. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ಆಡಿಸಿದವರೂ ಇರುತ್ತಾರೆ, ನೋಡಿದ ಮೇಷ್ಟ್ರೂ ರೈತನೂ ಇರುತ್ತಾರೆ. ಬೆನ್ನು ತಟ್ಟುವುದೂ ಉಂಟು, ಖಾರವಾಗಿ ಕೇಳುವುದೂ ಉಂಟು, ಮಧ್ಯಾಹ್ನ ಎಲ್ಲರದೂ ಒಟ್ಟಿಗೇ ಊಟ. ನಾಟಕಕ್ಕೆ ಇದು ಸಾಧ್ಯವಾಗಿದ್ದರೆ ಫೋಟೊಗೆ ಏಕಾಗಬಾರದು?

ಹೇಳುವ ಕ್ರಮದ ಬಗ್ಗೆ ನನಗೆ ಗಟ್ಟಿಯಾದ ಕೆಲವು ನಂಬಿಕೆಗಳಿವೆ. ಮೊಬೈಲ್ ಪರದೆಯ ಮೇಲೆ ವಿಮರ್ಶೆ ಮಾಡಬೇಡಿ. 8×12 ಇಂಚಿನ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಡಿ. ಪ್ರಿಂಟಿನಲ್ಲಿ ಸುಳ್ಳು ನಿಲ್ಲುವುದಿಲ್ಲ. ಮಾತಿಗೆ ಮುಂಚೆ ಎಲ್ಲರೂ ಸುಮ್ಮನೆ ನೋಡಲಿ. ತೆಗೆದವರು ಮೊದಲೇ ಕಥೆ ಹೇಳಬಾರದು. “ಆವತ್ತು ಮೋಡ ಇತ್ತು ಸಾರ್, ಮಗು ಅಳ್ತಿತ್ತು” ಎಂಬ ವಿವರಣೆ ಚಿತ್ರದೊಳಗೆ ಬರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮನೆಮಕ್ಕಳ ಚಿತ್ರಗಳಿಗೆ ಅಕ್ಷರಶಃ ಒಪ್ಪುತ್ತದೆ: ತೆಗೆದ ಅಪ್ಪನಿಗೆ ಅಲ್ಲಿ ಕಾಣುವುದು ಮಗಳು, ನೋಡುವ ನಮಗೆ ಕಾಣುವುದು ಮಸುಕಾದ ಒಂದು ಚಿತ್ರ. ಆ ಪ್ರೀತಿಯನ್ನು ಹೀಯಾಳಿಸದೆಯೇ ಆ ಮಸುಕನ್ನು ತೋರಿಸಬಹುದು.

ಹೆಂಗಸರ ಚಿತ್ರಗಳ ಮುಂದೆ ನಮ್ಮ ಗಂಡಸರ ನಾಲಿಗೆ ಬೇಗ ಜಾರುತ್ತದೆ. “ಹುಡುಗಿ ಚೆನ್ನಾಗಿದ್ದಾಳೆ” ಎಂಬುದು ಚಿತ್ರದ ವಿಮರ್ಶೆಯಲ್ಲ, “ಸ್ವಲ್ಪ ದಪ್ಪ” ಎಂಬುದಂತೂ ಅಲ್ಲವೇ ಅಲ್ಲ. ದೇಹದ ಬಗ್ಗೆ ಒಂದೇ ಒಂದು ಮಾತು ಬಂದರೂ ಕೂಡಲೇ ತಡೆಯುವವರೊಬ್ಬರು ಆ ಕೋಣೆಯಲ್ಲಿರಬೇಕು. ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳು ಇಂಥ ಕೂಟಗಳಿಗೆ ಬಾರದಿರಲು ಇದೂ ಒಂದು ಕಾರಣ. ಅವರಿಲ್ಲದೆ ಹೋದರೆ ಮನೆಯೊಳಗಿನ ಮುಖಗಳು, ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೂತ ತಾಯಂದಿರು ನಮಗೆ ಕಾಣುವುದೇ ಇಲ್ಲ.

ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ಕಷ್ಟ. ಮುಖದ ಚಿತ್ರವನ್ನು ಟೀಕಿಸಿದರೆ ಆ ಮನುಷ್ಯನನ್ನೇ ಟೀಕಿಸಿದಂತೆ ಕೇಳಿಸುತ್ತದೆ. ಹಿರಿಯರು ಎದುರಿಗಿದ್ದರೆ ಎದುರಾಡಲು ಸಂಕೋಚ, ಕಿರಿಯರು ಹೇಳಿದರೆ ಒಪ್ಪಲು ಅಭಿಮಾನ. ಎಲ್ಲ ಟೀಕೆಯನ್ನೂ ಒಪ್ಪಬೇಕಾಗಿಲ್ಲ. ಇಬ್ಬರು ಮೂವರು ಬೇರೆ ಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ ಎಂದು ತಿಳಿಯಬೇಕು. ಒಬ್ಬರು ಮಾತ್ರ ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ಚಿತ್ರದಲ್ಲಿ ಪರೀಕ್ಷಿಸಿ ನೋಡಬೇಕು. ಅದೇ ವ್ಯಕ್ತಿಯನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ತೆಗೆದು ಎರಡೂ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಡಾಗೆರ್‌ನ ವಿಧಾನವನ್ನು 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ಜಗತ್ತಿಗೆ ತಿಳಿಸಿದ ನೆನಪಿಗೆ ಪ್ರತಿವರ್ಷ ಆ ದಿನ ವಿಶ್ವ ಛಾಯಾಗ್ರಹಣ ದಿನ ನಡೆಯುತ್ತದೆ. ತಾಲ್ಲೂಕು ಮಟ್ಟದ ಛಾಯಾಗ್ರಾಹಕರ ಸಂಘಗಳು ಮೆರವಣಿಗೆ, ರಕ್ತದಾನ, ಹಿರಿಯರಿಗೆ ಸನ್ಮಾನ ಇಟ್ಟುಕೊಳ್ಳುತ್ತವೆ. ಅವೆಲ್ಲ ಇರಲಿ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂಘಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ಆ ದಿನ ಮಧ್ಯಾಹ್ನ ಎರಡು ಗಂಟೆ ಕಾಲ ಬಿಡುವು ಮಾಡಿಕೊಡಿ. ವೃತ್ತಿಯವರು, ಹವ್ಯಾಸಿಗಳು ಎಂಬ ಭೇದವಿಲ್ಲದೆ ತಲಾ ಒಂದು ಭಾವಚಿತ್ರದ ಪ್ರಿಂಟ್ ತರಲಿ, ಸಾಧ್ಯವಾದರೆ ಆ ಚಿತ್ರದಲ್ಲಿರುವವರನ್ನೂ ಕರೆತರಲಿ. ಮೊದಲ ಮಾತು ಅವರದಾಗಲಿ. ಬಹುಮಾನ ಇಡಬೇಡಿ.